ಯಾರು ಬಾರಿಸಿದ್ದು?

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಾನು ಕ್ಷೇಮ ಎಂದರೆ ನೀನು ನಂಬುವುದಿಲ್ಲ, ಅಲ್ಲವೆಂದರೆ ಊಟ ಬಿಡುತ್ತೀಯ. ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ಕಂಪನಿಯವರು ನಮ್ಮ ಹಾಡು ಬೇಡವೆಂದರು. ಈ ಹಾಡು ಹೊರಗೆ ಬರದಿದ್ದರೆ ಸಂಗೀತದ ಹುಚ್ಚು ಬಿಟ್ಟು ನಿನ್ನ ಹೊಲಿಗೆ ಅಂಗಡಿಯಲ್ಲಿ ಕೂರುತ್ತೇನೆ ಎಂದು ಮಾತು ಕೊಟ್ಟಿದ್ದೆನಲ್ಲ, ಭಾನುವಾರ ಬರುತ್ತೇನೆ.

ನನ್ನ ಕಂಪ್ಯೂಟರ್ ಸಂಗೀತ ಕೇಳಿದಾಗಲೆಲ್ಲ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ನಗುತ್ತಿದ್ದೆಯಲ್ಲ. ಈ ಹಾಡಿಗೆ ನನ್ನ ಜೊತೆಯಾದ, ಆಫ್ರಿಕಾದಿಂದ ಬಂದ ನಮ್ಮ ಡೋಲಿನಜ್ಜನ ಮೇಳದಲ್ಲೂ ಅಂಥ ದಾಸರಿದ್ದಾರೆ. ಚಿಕ್ಕ ಡೋಲುಗಳು ಮಕ್ಕಳಂತೆ, ಒಂದೇ ಪೆಟ್ಟನ್ನು ಬಿಡದೆ ಹಿಡಿದಿರುತ್ತವೆ. ದೊಡ್ಡ ಡೋಲು ತಾಯಿ. ಅವಳು ಒಮ್ಮೆ ಮುಂಚೆ ಬರುತ್ತಾಳೆ, ಒಮ್ಮೆ ಬೇಕೆಂದೇ ತಡಮಾಡುತ್ತಾಳೆ, ಗದರುತ್ತಾಳೆ, ರಮಿಸುತ್ತಾಳೆ. ಮಕ್ಕಳ ಪೆಟ್ಟನ್ನು ನನ್ನ ಯಂತ್ರಕ್ಕೆ ಕೊಟ್ಟೆವು, ತಾಯಿಯನ್ನು ಅಜ್ಜ ಬಾರಿಸಿದರು. ಮೊದಮೊದಲು ಎತ್ತು ಏರಿಗೆ, ಕೋಣ ನೀರಿಗೆ. ಒಂದು ದಿನ ಎರಡೂ ಹೇಗೋ ಕೂಡಿಕೊಂಡವು. ಅಜ್ಜ ಎದ್ದು ನಿಂತು ಬಾರಿಸಿದರು, ನನಗೆ ಅಳು ಬಂತು.

ಕಂಪನಿಯ ಯಜಮಾನರು ಮಾತ್ರ, ಪೆಟ್ಟು ಆಚೀಚೆ ಆದ್ರೆ ಜನ ಕುಣಿಯಲ್ಲ, ನೆಟ್ಟಗೆ ಮಾಡು ಅಂದರು. ಕುಣಿಯಲಾರದವರು ನೆಲ ಡೊಂಕು ಅಂದ ಹಾಗಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಕಂಪ್ಯೂಟರಿನ ಪರದೆಯ ಮೇಲೆ ತಾಳಕ್ಕೆ ಗೆರೆಗಳಿರುತ್ತವೆ. ಅಜ್ಜನ ಒಂದೊಂದು ಪೆಟ್ಟನ್ನೂ ಎಳೆದು ಗೆರೆಯ ಮೇಲೆ ಕೂರಿಸಿದೆ. ಹೊಲಿಗೆ ನೇರ ಬಂದಾಗ ನಿನಗೆ ಖುಷಿಯಾಗುತ್ತದಲ್ಲ, ನನಗೂ ಹಾಗೇ ಆಯಿತು.

ಆಮೇಲೆ ಅಜ್ಜನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿ, ಚೆನ್ನಾಗಿದೆ, ಯಾರು ಬಾರಿಸಿದ್ದು ಅಂತ ಕೇಳಿದರು. ತಮಾಷೆಯಲ್ಲ ಅಮ್ಮ, ಅವರಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ನೀವೇ ಅಜ್ಜ ಎಂದಾಗ ತಮ್ಮ ಎರಡೂ ಕೈ ತಿರುಗಿಸಿ ನೋಡಿಕೊಂಡರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಎಲ್ಲ ಪೆಟ್ಟುಗಳನ್ನೂ ಅವರು ಬಾರಿಸಿದಂತೆಯೇ ಇಟ್ಟು ಕಳಿಸಿದೆ. ಕಂಪನಿಯವರು ಬೇಡವೆಂದರು, ಅಷ್ಟೇ ಕಥೆ. ಗುಂಡಿ ಹಾಕುವ ಕೆಲಸ ನನಗೇ ಇಟ್ಟಿರು.

ನಿನ್ನ
ಗಲಾಟೆಪುಟ್ಟಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಬಂದ ಭಾಗ್ಯವನ್ನು ಕಾಲಲ್ಲಿ ಒದ್ದೆ ಎಂದು ಬೈಯುತ್ತೀಯೆಂಬ ಹೆದರಿಕೆ. ಬೇಡವೆಂದದ್ದು ಕಂಪನಿಯಲ್ಲ, ನಾನು. ನೆಟ್ಟಗೆ ಮಾಡಿದ್ದನ್ನೇ ಕೊಡು, ಈ ವಾರವೇ ಹೊರಗೆ ತರ್ತೀವಿ ಎಂದು ಅವರು ಮತ್ತೆ ಮತ್ತೆ ಕೇಳಿದರು. ಅಜ್ಜ ಕೂಡ, ನಿನ್ನ ಬದುಕು ಇನ್ನೂ ದೊಡ್ಡದಿದೆ ಮಗಳೇ, ಕೊಟ್ಟುಬಿಡು ಅಂದರು. ಅವರಿಗೇ ಗುರುತು ಸಿಗದ ಡೋಲನ್ನು ಅವರ ಹೆಸರು ಹಾಕಿ ಕೊಡುವುದಕ್ಕೆ ನನಗೆ ಕೈ ಏಳಲಿಲ್ಲ. ನಿನಗೆ ಕೊಟ್ಟ ಮಾತು ಕೊಟ್ಟದ್ದೇ, ಬಂದೇ ಬರುತ್ತೇನೆ. ಆದರೆ ಅಕ್ಕಪಕ್ಕದವರು ಕೇಳಿದರೆ, ಮಗಳು ಸೋತು ಬಂದಳು ಅನ್ನಬೇಡಮ್ಮ. ಬೇಡ ಅಂದು ಬಂದಳು ಅನ್ನು.