ಪೊನ್ಸನ್ಬಿಯ ಬಚ್ಚಲ ಕಿಟಕಿ

ಆಕ್ಲೆಂಡ್
ಶನಿವಾರ, ೧೬ ಜುಲೈ ೨೦೧೧

ಪ್ರೀತಿಯ ಕೆಪು,

ಮೀನುಹಡಗಿನಲ್ಲಿ ಹೇಗಿದ್ದೀಯ? ಬಲೆಯ ಹಗ್ಗ ಕೊಯ್ದು ಆಗಿದ್ದ ಕೈಯ ಗಾಯ ಮಾಯಿತೇ? ಒದ್ದೆ ಕಾಲುಚೀಲ ಹಾಕಿಕೊಂಡೇ ಮಲಗಬೇಡ, ನಿನ್ನ ಸೋಮಾರಿತನ ನನಗೆ ಗೊತ್ತು. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನಮ್ಮ ವವಾಉ ದ್ವೀಪದಿಂದ ಬಂದಿಳಿದು ಒಂಬತ್ತು ದಿನವಾಯಿತು; ಒಂಬತ್ತು ದಿನವೂ ಮಳೆ.

ಊರು ತೋರಿಸು ಎಂದಿದ್ದೆಯಲ್ಲ, ಮೊದಲು ಗೋಪುರಕ್ಕೆ ಕರೆದೊಯ್ದೆ. ಮೇಲೆ ಸುತ್ತಲೂ ಬರೀ ಮೋಡ. "ಇದನ್ನ ನೋಡೋಕೆ ಲಿಫ್ಟ್ ಬೇರೆ ಬೇಕಿತ್ತಾ?" ಎಂದರು ಅತ್ತೆ. ಬಂದರಿನ ದೋಣಿಯಲ್ಲಿ ನಿದ್ದೆ ಹೊಡೆದರು. ನಿನ್ನೆ ನಾನು ಕೊಡೆ ಮಡಚುವಷ್ಟರಲ್ಲಿ ತಾವೇ ಒಂದು ಬಸ್ಸು ಹತ್ತಿ ಡ್ರೈವರನಿಗೆ "ಪೊನ್ಸನ್ಬಿ" ಎಂದುಬಿಟ್ಟರು. ಇಳಿದ ಮೇಲೆ ಯಾರನ್ನೂ ದಾರಿ ಕೇಳಲಿಲ್ಲ. ಇಳಿಜಾರಿನ ಬೀದಿಯಲ್ಲಿ ನಡೆದು ಒಂದು ಹಳೆಯ ಮರದ ಮನೆಯ ಮುಂದೆ ನಿಂತರು. ಇಪ್ಪತ್ತೊಂದರ ವಯಸ್ಸಿನಲ್ಲಿ ಅವರು ಅಲ್ಲಿದ್ದರಂತೆ, ಕೆಪು. ಎರಡು ಕೋಣೆ, ಆರು ಹುಡುಗಿಯರು. ಎಲ್ಲರೂ ಅಂಗಿ ಹೊಲಿಯುವ ಕಾರ್ಖಾನೆಗೆ ಹೋಗುವವರು. ಶನಿವಾರ ಸಂಜೆ ಒಂದೇ ಲಿಪ್‌ಸ್ಟಿಕ್ ಆರು ತುಟಿಗೂ ಹಚ್ಚಿಕೊಂಡು ಕುಣಿಯಲು ಹೊರಡುತ್ತಿದ್ದರಂತೆ.

ಮನೆಯಾಕೆ ಹೊರಗೆ ಬಂದು, "ಯಾಕೆ ನೆನೀತಿದ್ದೀರಿ, ಒಳಗೆ ಬನ್ನಿ" ಎಂದಳು. ಅತ್ತೆ ನೇರವಾಗಿ ಬಚ್ಚಲು ಎಲ್ಲಿ ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಗು ಕೇಳಿಸಿತು. ಓಡಿಹೋಗಿ ನೋಡಿದರೆ ಒಂದು ಚಿಕ್ಕ ಕಿಟಕಿಯ ಚೌಕಟ್ಟನ್ನು ಸವರುತ್ತ ನಿಂತಿದ್ದಾರೆ.

"ಬೆಳಗಾಗೋ ಮುಂಚೆ ಪೊಲೀಸ್ನೋರು ಬಾಗಿಲು ಬಡಿದ್ರು ಕಣೆ. ನನ್ನ ವೀಸಾ ಮುಗಿದು ಮೂರು ತಿಂಗಳಾಗಿತ್ತು. ಇದರಲ್ಲಿ ತೂರೋಕೆ ಹೋದೆ, ಸೊಂಟ ಸಿಕ್ಕಿಹಾಕ್ಕೊಳ್ತು. ತಲೆ ಮಳೇಲಿ, ಕಾಲು ಅವರ ಕೈಲಿ. ಈಗಾದ್ರೆ ಮೊಣಕೈನೂ ತೂರಲ್ಲ."

ನಗುತ್ತಲೇ ತೊಟ್ಟಿಯ ಅಂಚಿನಲ್ಲಿ ಕುಳಿತು ಅತ್ತರು. "ಬರಿಗಾಲಲ್ಲೇ ವಿಮಾನ ಹತ್ತಿಸಿದ್ರು. ಆಮೇಲೆ ಬೇರೆ ದ್ವೀಪಕ್ಕೆ ಮದುವೆಯಾಗಿ ಹೋದೆ. ನಿಮ್ಮ ಮಾವನಿಗೂ ಹೇಳ್ಲಿಲ್ಲ."

ಮನೆಯಾಕೆ ಚಹಾ ಮಾಡಿ ತಂದಳು. ವಾಪಸು ಬರುವಾಗ ಅತ್ತೆ ಬಸ್ಸಿನ ಗಾಜು ಒರೆಸಿ ಒರೆಸಿ ಈಗಿಲ್ಲದ ಅಂಗಡಿಗಳನ್ನೆಲ್ಲ ತೋರಿಸಿದರು: ಇಲ್ಲಿ ಬ್ರೆಡ್ಡು, ಅಲ್ಲಿ ಕೆಸುವಿನ ಗೆಡ್ಡೆ, ಆ ಮೂಲೆಯಲ್ಲಿ ಕುಣಿತದ ಹಾಲ್. ಐವರು ಗೆಳತಿಯರ ಹೆಸರನ್ನೂ ಹೇಳಿದರು. ಇಬ್ಬರು ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲವಂತೆ.

ಸೆಲು ಅಪ್ಪನಿಗೆ ಮುತ್ತು ಕಳಿಸಿದ್ದಾಳೆ. ಅಮ್ಮ ದಿನವೂ ನಿನ್ನ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ಕಡಲು ನಿಮ್ಮನ್ನೆಲ್ಲ ಕಾಯಲಿ.

ನಿನ್ನ
ಪಿಸಿಲಾ

ತಾ.ಕ.: ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ನಡೆದ ನಮ್ಮ ಮದುವೆಗೆ ಅಮ್ಮ ಬರಲಿಲ್ಲವೆಂದು ಎಂಟು ವರ್ಷದಿಂದ ನೀನು ಒಳಗೇ ನೊಂದಿದ್ದೀಯ. ನಾನು ಅವರಿಗೆ ಬೇಡದ ಸೊಸೆ ಅಂದುಕೊಂಡಿದ್ದೆ. ಅವರು ಪೆಟ್ಟಿಗೆ ಕಟ್ಟಿಕೊಂಡು ಅಲ್ಲಿನ ವಿಮಾನ ನಿಲ್ದಾಣದವರೆಗೂ ಬಂದು ತಿರುಗಿ ಹೋಗಿದ್ದರಂತೆ. ಇಲ್ಲಿ ಇಳಿದ ಕೂಡಲೇ ಅಧಿಕಾರಿಗಳು ಹಳೆಯ ದಾಖಲೆ ತೆಗೆದು ಬೀಗರ ಎದುರೇ ಹಿಂದಕ್ಕೆ ಅಟ್ಟಿಬಿಟ್ಟರೆ ನಿನ್ನ ಮರ್ಯಾದೆ ಹೋಗುತ್ತದೆ ಎಂದು ಹೆದರಿದ್ದರು. ನಿನಗೆ ತಿಳಿಸಬೇಡ ಅಂದಿದ್ದಾರೆ. ಟಿಕೆಟ್ ಮುಂದಕ್ಕೆ ಹಾಕಿಸಿದ್ದೇನೆ, ನೀನು ಬರುವವರೆಗೂ ಇರುತ್ತಾರೆ. ಬಂದರಿಗೆ ಬಂದ ತಕ್ಷಣ ಫೋನ್ ಮಾಡು. ನಾನೇ ಎತ್ತಿದರೂ ಮೊದಲು ಅಮ್ಮನನ್ನು ಕೇಳು.