ಪಕ್ಕಕ್ಕೆ ಸರಿಸಿದ ಎಣ್ಣೆಗಾಯಿ

ನೋಯ್ಡಾ
೧೦ ಫೆಬ್ರುವರಿ ೨೦೨೫, ಸೋಮವಾರ

ನನ್ನ ಮುದ್ದು ಅಪೂರ್ವಳಿಗೆ, ಅಲ್ಲಲ್ಲ, ಡಾಕ್ಟರ್ ಅಪೂರ್ವ ಅವರಿಗೆ,

ಅಮ್ಮನ ಆಶೀರ್ವಾದಗಳು. ಫೋನ್ ಇರುವಾಗ ಕಾಗದ ಏಕೆ ಎನ್ನಬೇಡ. ಫೋನಿನಲ್ಲಾದರೆ ನಾನು ಒಂದು ಹೇಳುವಷ್ಟರಲ್ಲಿ ನೀನು ಎರಡು ಹೇಳುತ್ತೀಯ. ಕೋಪ ಬಂದರೆ ಹಿಂದಿಗೆ ಹಾರುತ್ತೀಯ, ನಿನ್ನ ಹಿಂದೆ ನಾನೂ ಹಾರುತ್ತೇನೆ. ಕಾಗದದಲ್ಲಿ ನಡುವೆ ಬಾಯಿ ಹಾಕುವಂತಿಲ್ಲ. ಬೇಸಿಗೆ ರಜೆಗಳಲ್ಲಿ ನಾನು ಕಿವಿ ಹಿಂಡಿ ಕಲಿಸಿದ ಕನ್ನಡ ಇವತ್ತಾದರೂ ಉಪಯೋಗಕ್ಕೆ ಬರಲಿ. ಒತ್ತಕ್ಷರ ತೊಡಕಾದರೆ ಎದುರಿಗೇ ನಿಂತಿರುವ ನಿನ್ನ ಅಪ್ಪನನ್ನು ಕೇಳು. ಡಬ್ಬಿಯ ಚೀಲದಲ್ಲಿ ಕಾಗದವಿಟ್ಟು ಅವರನ್ನೇ ಮೆಟ್ರೊ ಹತ್ತಿಸಿ ಕಳಿಸುತ್ತಿದ್ದೇನೆ. ಡಬ್ಬಿಯಲ್ಲಿ ಪುಳಿಯೋಗರೆ ಇದೆ, ಓದಿ ಮುಗಿಸಿ ತಿನ್ನು.

ಮೊದಲು ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಶುಕ್ರವಾರ ನಿನ್ನ ಪಿಎಚ್‌ಡಿಯ ಮೌಖಿಕ ಪರೀಕ್ಷೆಗೆ, ಆ ವೈವಾಕ್ಕೆ, ನಾನು ಬಂದಿದ್ದೆ. ಬಾಗಿಲು ತೆರೆದೇ ಇರುತ್ತದೆ, ಯಾರು ಬೇಕಾದರೂ ಬಂದು ಕೂರಬಹುದು ಎಂದು ಅಪ್ಪನಿಗೆ ಹೇಳಿದ್ದೆಯಂತೆ. ನನ್ನನ್ನು ಕರೆಯಲಿಲ್ಲ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ ಬಿಡು. ಬೊಟಾನಿಕಲ್ ಗಾರ್ಡನ್‌ನಲ್ಲಿ ಮೆಟ್ರೊ ಹತ್ತಿ ಮುನಿರ್ಕಾದಲ್ಲಿ ಇಳಿದೆ. ಜೊತೆಗೆ ಸರಳಾ ಇದ್ದಳು, ಪಕ್ಕದ ಟವರಿನ ರಿಟೈರ್ಡ್ ಟೀಚರ್, ನನ್ನೊಂದಿಗೆ ಕಾಶಿಗೆ ಬಂದಿದ್ದವಳು. ಇಬ್ಬರೂ ಮಾಸ್ಕ್ ಹಾಕಿಕೊಂಡು, ಶಾಲು ಹೊದ್ದು, ಕೊನೆಯ ಸಾಲಿನಲ್ಲಿ ಕೂತೆವು. ದೆಹಲಿಯ ಹೊಗೆಯಿಂದ ನನಗೆ ಉಪಕಾರವಾದದ್ದು ಅದೊಂದೇ ದಿನ.

ನಿನಗೆ ನನ್ನ ಮೇಲೆ ಏಕೆ ಕೋಪ ಎಂಬುದು ನನಗೆ ಗೊತ್ತು. ಡಿಸೆಂಬರಿನಲ್ಲಿ ನಿನ್ನ ಕೋಣೆಗೆ ಬಂದಾಗ ನೀನು ಮೊದಲ ಸಲ ಕೈಯಾರೆ ಎಣ್ಣೆಗಾಯಿ ಮಾಡಿ ಬಡಿಸಿದ್ದೆ. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ನೀನು, ಇದು ಗಲ್ಲಿಯ ಭಯ್ಯಾನ ತಳ್ಳುಗಾಡಿಯ ಬದನೆ, ನನ್ನ ಲ್ಯಾಬಿನದ್ದಲ್ಲ, ಲ್ಯಾಬಿನ ಒಂದೊಂದು ಕಾಯಿಯನ್ನೂ ಲೆಕ್ಕ ಹಿಡಿದು ಸುಡಬೇಕು, ತಿನ್ನುವ ಹಾಗೇ ಇಲ್ಲ ಎಂದೆ. ಆಮೇಲೆ ಹಿಂದಿಗೆ ಹಾರಿ, ನಾನು ನಿನಗೆ ವಿಷ ಹಾಕುತ್ತೇನೆ ಎಂದುಕೊಂಡಿದ್ದೀಯಾ ಎಂದು ಕೂಗಿದೆ. ನಾನು ಕೈ ತೊಳೆದು ಚಪ್ಪಲಿ ಮೆಟ್ಟಿಕೊಂಡೆ. ಅಂದಿನಿಂದ ನೀನು ಮನೆಗೆ ಬಂದಿಲ್ಲ. ಎರಡು ತಿಂಗಳಾಯಿತು ಮಗಳೇ. ನಿನ್ನ ಕೋಣೆಯ ಪರದೆ ಎರಡು ಸಲ ಒಗೆದಿದ್ದೇನೆ, ಕೊಳೆಯಾಗಿತ್ತು ಎಂದಲ್ಲ.

ನೀನು ಹಾಗೆ ತಿಳಿದದ್ದಕ್ಕೆ ಕಾರಣ ನಾನೇ. ಸೊಸೈಟಿಯ ವಾಟ್ಸಾಪ್ ಗುಂಪಿಗೆ ಕುಲಾಂತರಿ ಬೆಳೆಯ ಬಗ್ಗೆ ಏನು ಬಂದರೂ ನಿನಗೆ ಕಳಿಸುತ್ತಿದ್ದೆ. ಒಂದು ಜೀವದ ಗುಣವನ್ನು ಇನ್ನೊಂದರೊಳಗೆ ಇಡಲು ನಾವು ಯಾರು ಎಂದು ಉಪದೇಶವನ್ನೂ ಸೇರಿಸುತ್ತಿದ್ದೆ. ಆ ವಿಡಿಯೋಗಳಲ್ಲಿ ಅರ್ಧಕ್ಕೆ ತಲೆಬುಡವಿಲ್ಲ ಎಂದು ನೀನು ತೋರಿಸಿಕೊಟ್ಟರೂ ಉಳಿದ ಅರ್ಧ ಕಳಿಸುವುದನ್ನು ನಿಲ್ಲಿಸಲಿಲ್ಲ. ಆದರೂ ಕೇಳು. ತಟ್ಟೆ ಸರಿಸಿದ್ದು ಅದಕ್ಕಲ್ಲ. ಯಾಕೆ ಎಂಬುದನ್ನು ಕೊನೆಯಲ್ಲಿ ಧೈರ್ಯ ಉಳಿದಿದ್ದರೆ ಬರೆಯುತ್ತೇನೆ.

ಶುಕ್ರವಾರ ನೀನು ಹೇಳಿದ ಇಂಗ್ಲಿಷಿನಲ್ಲಿ ನನಗೆ ಅರ್ಧ ತಿಳಿಯಿತು, ಉಳಿದದ್ದನ್ನು ಸರಳಾ ಕಿವಿಯಲ್ಲಿ ಹೇಳಿದಳು. ಬದನೆಯ ಕಾಯಿಕೊರಕ ಹುಳುವಿಗಾಗಿ ಒಂದೇ ಬೆಳೆಗೆ ಹತ್ತಾರು ಸಲ ಔಷಧಿ ಹೊಡೆಯುತ್ತಾರೆ, ಅದನ್ನೇ ನಾವು ತೊಳೆದು ತಿನ್ನುತ್ತೇವೆ ಎಂದೆ. ಮಣ್ಣಿನ ಬ್ಯಾಕ್ಟೀರಿಯಾದ ಒಂದು ಜೀನ್ ಸೇರಿದ ನಿನ್ನ ಗಿಡದಲ್ಲಿ ಹುಳು ತಾನಾಗಿಯೇ ಸಾಯುತ್ತದೆ ಎಂದು ಚಿತ್ರ ತೋರಿಸಿದೆ. ಆಗ ಒಬ್ಬರು ಎದ್ದು, ಇಂಥದ್ದನ್ನು ಜನ ಎಂದಾದರೂ ನಂಬುತ್ತಾರೆಯೇ ಎಂದು ಕೇಳಿದರು. ನೀನು ನಕ್ಕು, ನನ್ನ ಅಪ್ಪ ಹನ್ನೊಂದು ವರ್ಷಗಳಿಂದ ನಂಬಿದ್ದಾರೆ, ಅವರ ಇನ್ಸುಲಿನ್ ಬರುವುದೂ ಮನುಷ್ಯನ ಜೀನ್ ಇಟ್ಟು ಬೆಳೆಸಿದ ಸೂಕ್ಷ್ಮಜೀವಿಯಿಂದಲೇ ಎಂದೆ.

ನಾನು ಮನೆಗೆ ಬಂದವಳೇ ಫ್ರಿಜ್ಜಿನ ಬಾಗಿಲು ತೆಗೆದು, ಕೊತ್ತಂಬರಿ ಚಟ್ನಿಯ ಪಕ್ಕದಲ್ಲಿದ್ದ ಆ ಇನ್ಸುಲಿನ್ ಪೆನ್ನನ್ನು ನೋಡುತ್ತಾ ನಿಂತೆ. ನಿನ್ನ ಅಪ್ಪ ಪೇಪರಿನಿಂದ ತಲೆಯೆತ್ತದೆ, ನನಗೆ ಯಾವತ್ತೋ ಗೊತ್ತಿತ್ತು ಎಂದರು. ಹಿಂದೆ ಅದನ್ನು ಹಂದಿ, ದನಗಳ ಗ್ರಂಥಿಯಿಂದ ತೆಗೆಯುತ್ತಿದ್ದರು ಎಂದೂ ಸೇರಿಸಿದರು. ಆ ಮಾತು ಕೇಳಿದ ಮೇಲೆ ಸೂಕ್ಷ್ಮಜೀವಿಯೇ ಸಾಕು, ಅದಕ್ಕೊಂದು ನಮಸ್ಕಾರ ಎನ್ನಿಸಿತು. ಗುಂಪಿನಲ್ಲಿ ಭಾಷಣ ಮಾಡುತ್ತ ಮನೆಯಲ್ಲಿ ಸೂಜಿ ಚುಚ್ಚುವವಳು ಎಂದು ರೇಗಿಸಿ, ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಗಾದೆಯನ್ನೂ ಹೇಳಿದರು. ಬದನೆಕಾಯಿಯ ಮಾತು ನನ್ನ ಮುಂದೆ ಎತ್ತಬೇಡಿ ಎಂದು ಒಳಗೆ ಹೋದೆ.

ಆದರೆ ನಾನು ಸೋತದ್ದು ಇನ್ಸುಲಿನ್ನಿಗಲ್ಲ. ಮೂರು ವರ್ಷದ ಹಿಂದೆ ನಮ್ಮ ಅಡುಗೆಮನೆಯಲ್ಲಿ ನಿನ್ನನ್ನು ಒಂದು ಪ್ರಶ್ನೆ ಕೇಳಿದ್ದೆ. ಜೇನುಹುಳು ನಿನ್ನ ಗಿಡದಿಂದ ಹಾರಿ ನಮ್ಮ ಮೈಸೂರಿನ ಈರನಗೆರೆ ಬದನೆಯ ಹೂವಿನ ಮೇಲೆ ಕೂತರೆ ಅದರ ಗತಿ ಏನು ಎಂದು. ನೀನು ಜಗಳವಾಡಿ, ಬಾಗಿಲು ಬಡಿದುಕೊಂಡು ಹೋಗಿದ್ದೆ. ಶುಕ್ರವಾರ ಒಬ್ಬ ಪ್ರೊಫೆಸರ್ ಅದನ್ನೇ ಕೇಳಿದರು. ನೀನು ಐದನೆಯ ಅಧ್ಯಾಯ ತೆಗೆದು, ಇದು ನನ್ನ ತಾಯಿ ಕೇಳಿದ ಪ್ರಶ್ನೆ, ಉತ್ತರ ಗೊತ್ತಿಲ್ಲದೆ ಅವತ್ತು ಜಗಳವಾಡಿದ್ದೆ, ಆಮೇಲೆ ಎರಡು ಬಣ್ಣದ ಮಾಮೂಲಿ ಬದನೆ ನೆಟ್ಟು ಪರಾಗ ಎಷ್ಟು ದೂರ ಹೋಗುತ್ತದೆ ಎಂದು ಅಳೆದೆ ಎಂದೆ. ಎಣಿಸಿದ್ದಕ್ಕಿಂತ ಹೆಚ್ಚು ದೂರ ಹೋಯಿತಂತೆ. ನಾಟಿ ತಳಿಗಳ ಹತ್ತಿರ ಇದನ್ನು ಬೆಳೆಸಬಾರದು, ಇನ್ನೂ ತಿಳಿಯಬೇಕಾದ್ದು ಬಹಳವಿದೆ ಎಂದು ಅಷ್ಟು ಜನ ದೊಡ್ಡವರ ಮುಂದೆ ಒಪ್ಪಿಕೊಂಡೆ. ಮಾಸ್ಕಿನೊಳಗೆ ನಾನು ಅತ್ತೆ. ಸರಳಾ ತನ್ನ ಕರ್ಚೀಫು ಕೊಟ್ಟಳು.

ನನ್ನ ಭಯವೆಲ್ಲ ಹೋಯಿತು ಎಂದು ಸುಳ್ಳು ಹೇಳಲಾರೆ. ಕೆಲವು ವರ್ಷಗಳಲ್ಲಿ ಹುಳುವೂ ಈ ಗಿಡಕ್ಕೆ ಒಗ್ಗಿಕೊಳ್ಳಬಹುದು ಎಂದು ನೀನೇ ಹೇಳಿದೆ. ಬೀಜ ಕೊನೆಗೆ ಯಾರ ಕೈಯಲ್ಲಿರುತ್ತದೆ ಎಂದು ಯಾರೂ ಕೇಳಲಿಲ್ಲ, ಅದನ್ನು ನಾನು ಕೇಳುವವಳಿದ್ದೇನೆ. ಆದರೆ ಭಯಪಡಬೇಕಾದಲ್ಲಿ ನೀನೂ ಭಯಪಡುತ್ತೀಯ ಎಂದು ಗೊತ್ತಾಯಿತು. ನನಗೆ ಅಷ್ಟು ಸಾಕು. ಈ ಮೂರು ದಿನಗಳಿಂದ ಹಗುರಾಗಿದ್ದೇನೆ, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ನನ್ನ ಮಗಳು ಡಾಕ್ಟರ್ ಎಂದು ಹೇಳುತ್ತಿದ್ದೇನೆ. ಒಬ್ಬರು ಆಗಲೇ ಮಂಡಿನೋವಿಗೆ ಮಾತ್ರೆ ಕೇಳಿದ್ದಾರೆ.

ಭಾನುವಾರ ಊಟಕ್ಕೆ ಬಾ. ಎಣ್ಣೆಗಾಯಿ, ಜೋಳದ ರೊಟ್ಟಿ ಮಾಡುತ್ತೇನೆ.

ನಿನ್ನನ್ನು ಕಾಯುತ್ತಿರುವ
ಅಮ್ಮ
(ಜಲಜಾ)

ತಾ.ಕ.: ಧೈರ್ಯ ಉಳಿದಿದೆ, ಬರೆದೇಬಿಡುತ್ತೇನೆ. ಕಳೆದ ಕಾರ್ತಿಕದ ಹಿಂದಿನ ಕಾರ್ತಿಕದಲ್ಲಿ ನಿನ್ನ ಹಸಿರುಮನೆಯ ಸಸಿಗಳೆಲ್ಲ ಕೊಳೆತುಹೋದವು, ನೆನಪಿದೆಯಾ? ಪಿಎಚ್‌ಡಿ ಬಿಟ್ಟುಬಿಡುತ್ತೇನೆ ಎಂದು ಫೋನಿನಲ್ಲಿ ಅತ್ತಿದ್ದೆ. ಆ ವಾರ ನಾನು ಕಾಶಿಯಲ್ಲಿದ್ದೆ. ಕಾಶಿಗೆ ಹೋದವರು ತಮಗೆ ಬಲು ಇಷ್ಟವಾದ ಒಂದು ತರಕಾರಿಯನ್ನೋ ಹಣ್ಣನ್ನೋ ಅಲ್ಲೇ ಬಿಟ್ಟು ಬರಬೇಕು, ಮತ್ತೆ ಜನ್ಮದಲ್ಲಿ ತಿನ್ನುವ ಹಾಗಿಲ್ಲ. ಸರಳಾ ಜಾಣೆ, ಹುಟ್ಟಿದಾಗಿನಿಂದ ಮುಟ್ಟದ ಹಾಗಲಕಾಯಿ ಬಿಟ್ಟಳು. ನಾನು ಗಂಗೆಯಲ್ಲಿ ನಿಂತು, ನನ್ನ ಮಗಳ ಗಿಡ ಕಾಯಿ ಕಚ್ಚಲಿ ಎಂದು ಬೇಡಿಕೊಂಡು ಬದನೆಕಾಯಿ ಬಿಟ್ಟೆ. ಫಲ ಕೈಸೇರುವವರೆಗೆ, ಯಾರಿಗಾಗಿ ಬಿಟ್ಟೆವೋ ಅವರಿಗೆ ಹೇಳಬಾರದು ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಆಮೇಲೂ ನೀನು ಮನೆಗೆ ಬಂದಾಗಲೆಲ್ಲ ಎಣ್ಣೆಗಾಯಿ ಮಾಡಿದ್ದೇನೆ, ನಾನು ಉಪ್ಪಿನಕಾಯಿಯಲ್ಲಿ ಉಂಡದ್ದನ್ನು ನೀನು ನೋಡಲಿಲ್ಲ ಅಷ್ಟೆ. ಭಾನುವಾರ ಹಸಿವಿಟ್ಟುಕೊಂಡು ಬೇಗ ಬಾ. ಉಪ್ಪು ಖಾರ ಸರಿಯಾಗಿದೆಯಾ ಎಂದು ನೀನೇ ನೋಡಿ ಹೇಳಬೇಕು.