ಸೂಜಿ ಇಲ್ಲದ ಊರು

ಬುಧವಾರ, ಹದಿನಾಲ್ಕನೇ ತಾರೀಕು
ಕಚೇರಿಯ ಊಟದ ಹೊತ್ತು

ನನ್ನ ಚುಕ್ಕಿಗೆ,

ನಿನ್ನ ದೊಡ್ಡಮ್ಮ ಗಟ್ಟಿಮುಟ್ಟಾಗಿದ್ದಾಳೆ, ಮಂಡಿಯೊಂದನ್ನು ಬಿಟ್ಟು. ಹೊಟ್ಟೆಯಲ್ಲಿರುವ ಪುಟಾಣಿಗೆ ಹೆಣೆದ ಟೋಪಿಯೊಳಗೆ ಈ ಕಾಗದ ಮಡಚಿಟ್ಟಿದ್ದೇನೆ. ಫೋನು ಮಾಡಿದರೆ ನಿಮ್ಮತ್ತೆ ಸ್ಪೀಕರ್ ಹಾಕಿ ಬೀದಿಗೆಲ್ಲ ಕೇಳಿಸುತ್ತಾರೆ. ಒಳ್ಳೆಯವರೇ, ಕಿವಿ ಮಾತ್ರ ಮಂದ. ಇದನ್ನು ಒಬ್ಬಳೇ ಕೂತು ಓದು.

ಹದಿನಾರು ವರ್ಷದಿಂದ ನಾನು ಆರೋಗ್ಯ ಕಚೇರಿಯಲ್ಲಿ ಏನು ಮಾಡುತ್ತೇನೆಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಸ ಗುಡಿಸುತ್ತೇನೆ, ಟೀ ಕೊಡುತ್ತೇನೆ, ಆಮೇಲೆ ನಕ್ಷೆಗೆ ಗುಂಡುಸೂಜಿ ಚುಚ್ಚುತ್ತೇನೆ. ಮೂರನೇ ಕೋಣೆಯಲ್ಲಿ ಗೋಡೆಯಗಲ ದೇಶದ ನಕ್ಷೆ ಇದೆ. ಯಾರದಾದರೂ ರಕ್ತದಲ್ಲಿ ಎಚ್‌ಐವಿ ಕಂಡರೆ ಒಂದು ಕಾರ್ಡು ಬರುತ್ತದೆ. ಅದರಲ್ಲಿ ಹೆಸರಿರುವುದಿಲ್ಲ. ವಯಸ್ಸು, ಕೆಲಸ, ಊರು, ಮನೆಯಲ್ಲಿ ಗರ್ಭಿಣಿ ಇದ್ದಾರೆಯೇ ಎಂಬುದು, ಅಷ್ಟೇ. ಊರಿನ ಮೊದಲ ಕಾರ್ಡಿಗೆ ಒಂದು ಕೆಂಪು ಸೂಜಿ. ಕಾರ್ಡು ಹೆಚ್ಚಿದಂತೆ ಸೂಜಿಯೂ ಹೆಚ್ಚು. ಆ ಕಾರ್ಡುಗಳನ್ನು ಓದಲೆಂದೇ ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು.

ಮೊದಲು ಬಂದರಿನ ಸುತ್ತ ಚುಚ್ಚಿದೆ. ಆಮೇಲೆ ರೈಲುಗಳು ಕೂಡುವ ಊರುಗಳು, ಗಣಿಯ ಕಡೆಯವು. ಹೆದ್ದಾರಿಯ ಉದ್ದಕ್ಕೂ ಲಾರಿ ನಿಲ್ಲುವ ಕಡೆಯೆಲ್ಲ ಸಾಲುಗಟ್ಟಿತು, ಸಕ್ಕರೆ ಡಬ್ಬಿಗೆ ಹೊರಟ ಇರುವೆಯ ಹಾಗೆ. ಮನೆ ಬಿಟ್ಟು ದುಡಿಯಲು ಹೋದವರು ಹೋದ ದಾರಿ, ಬಂದ ದಾರಿ. ಅವರನ್ನು ಬೈದು ಪ್ರಯೋಜನವಿಲ್ಲ, ಒಂಟಿತನ ನನಗೂ ಗೊತ್ತು.

ಈಗ ನನ್ನ ತಪ್ಪು ಹೇಳುತ್ತೇನೆ. ನಿನಗೆ ಗಂಡು ಹುಡುಕುವಾಗ ಮೂರು ಸಂಬಂಧ ಬಂದಿದ್ದವಲ್ಲ. ನಾನು ಯಾರನ್ನೂ ಕೇಳಲಿಲ್ಲ. ಮೂರನೇ ಕೋಣೆಯ ಬಾಗಿಲು ಹಾಕಿಕೊಂಡು ನಕ್ಷೆ ನೋಡಿದೆ. ಮೇಷ್ಟರ ಊರಿನಲ್ಲಿ ನಾಲ್ಕು ಸೂಜಿ, ಅಂಗಡಿಯವನ ಊರಿನಲ್ಲಿ ಏಳು. ನಿಮ್ಮ ಊರಿನ ಸುತ್ತ ಅಂಗೈಯಗಲ ಜಾಗ ಖಾಲಿ, ತೊಳೆದಿಟ್ಟ ಹಾಗೆ. ಮೇಷ್ಟರನ್ನು ಬೇಡವೆಂದು ನಿನ್ನನ್ನು ಅಲ್ಲಿಗೆ ಕೊಟ್ಟೆ. ನಿನ್ನ ಗಂಡನೂ ಮನಸ್ಸಿಗೆ ಹಿಡಿಸಿದ. ಊರಿಗೆಲ್ಲ ಇವನೊಬ್ಬನೇ ವೆಲ್ಡರ್, ಹೊರಗಿನ ರಸ್ತೆ ಕೆಲಸ ಮುಗಿಸಿ ಇವನು ಊರಿಗೆ ಬರುವವರೆಗೂ ಯಾರ ಮನೆ ಗೇಟೂ ಸರಿಯಾಗಿ ಮುಚ್ಚುವುದಿಲ್ಲ ಎಂದು ನಿಮ್ಮತ್ತೆ ಹೇಳಿದಾಗ ಎಷ್ಟು ನಕ್ಕಿದ್ದೆವು.

ಕಚೇರಿಗೆ ಈಗ ಹೊಸಬಳೊಬ್ಬಳು ಬಂದಿದ್ದಾಳೆ, ಅಂಕಿಅಂಶ ನೋಡಿಕೊಳ್ಳುವವಳು. ಹೋದ ತಿಂಗಳು ನಾನು ನಿಮ್ಮೂರಿನ ಮೇಲೆ ಬೆರಳಿಟ್ಟು, “ಇಲ್ಲಿ ನೋಡಮ್ಮ, ಎಷ್ಟು ಚೊಕ್ಕವಾಗಿದೆ, ನಮ್ಮ ಹುಡುಗಿ ಇರೋದು ಇಲ್ಲೇ” ಎಂದೆ. ಅವಳು ಟೀ ಲೋಟ ಕೆಳಗಿಟ್ಟು, “ಅಲ್ಲಿ ಪರೀಕ್ಷೆ ಮಾಡೋ ಜಾಗವೇ ಇಲ್ವಲ್ಲ ಅಜ್ಜಿ” ಎಂದಳು. “ಇದ್ರೇನು ಇಲ್ದಿದ್ರೇನು” ಎಂದೆ. “ಹುಡುಕಿದ ಕಡೆ ಮಾತ್ರ ಸೂಜಿ ಬೀಳುತ್ತೆ. ಹುಡುಕದೇ ಇರೋ ಕಡೆ ಖಾಲಿ ಇರುತ್ತೆ, ಅಷ್ಟೇ” ಎಂದಳು.

ಹದಿನಾರು ವರ್ಷ, ಚುಕ್ಕಿ. ಈ ಒಂದು ಮಾತು ನನಗೆ ಹೊಳೆಯಲಿಲ್ಲ.

ಅಂದಿನಿಂದ ಆ ಖಾಲಿ ಜಾಗ ನನ್ನನ್ನೇ ನೋಡುತ್ತಿದೆ. ಹೊಸ ರಸ್ತೆ ಅದರ ಅಂಚಿನವರೆಗೂ ಬಂದಿದೆ. ಪರೀಕ್ಷೆಯ ವ್ಯಾನು ಒಂದೊಂದೇ ಊರಿಗೆ ಹೋಗುತ್ತಿದೆ, ಅದರ ಹಿಂದೆಯೇ ನಾನು ಚುಚ್ಚುತ್ತಿದ್ದೇನೆ. ಎರಡು ವಾರದಲ್ಲಿ ಒಂದು ಡಬ್ಬಿ ಮುಗಿಯಿತು. ಹೋದ ವಾರದ ಸೋಮವಾರ ವ್ಯಾನು ನಿಮ್ಮೂರಿಗೂ ಬಂದಿತ್ತಂತೆ. ಅಲ್ಲಿಂದ ಬಂದ ಲಕೋಟೆಯನ್ನು ನಾನಿನ್ನೂ ಒಡೆದಿಲ್ಲ.

ನೀನು ನಾಳೆಯೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಾ. ಬಸುರಿಯರೆಲ್ಲ ಮಾಡಿಸಬೇಕಾದದ್ದೇ, ಅದರಲ್ಲಿ ನಾಚಿಕೆಯಿಲ್ಲ. ಇಲ್ಲವೆಂದು ಬಂದರೆ ನನ್ನನ್ನು ಬಾಯ್ತುಂಬ ಬೈದುಬಿಡು. ಇದೆಯೆಂದು ಬಂದರೂ ಹೆದರಬೇಡ. ದಿನಾ ನುಂಗುವ ಮಾತ್ರೆ ಇದೆ, ಬೇಗ ಶುರು ಮಾಡಿದರೆ ಮಗುವಿಗೆ ತಗಲದಂತೆ ಕಾಪಾಡಬಹುದು. ಆ ಮಾತ್ರೆ ನುಂಗುತ್ತಾ ನನಗಿಂತ ಗಟ್ಟಿಯಾಗಿರುವವರು ನಮ್ಮ ಕಚೇರಿಯಲ್ಲೇ ಇದ್ದಾರೆ. ನಿನಗೆ ಐದು ತಿಂಗಳು. ಒಂದು ವಾರವನ್ನೂ ಹಾಗೇ ಬಿಡಬೇಡ.

ನಿನ್ನನ್ನು ಸಾಕಿದ ಕೈಯಿಂದ,
ದೊಡ್ಡಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಲಕೋಟೆ ಒಡೆದಿಲ್ಲ ಎಂದದ್ದು ಸುಳ್ಳು. ಅದರಲ್ಲಿ ಒಂದೇ ಕಾರ್ಡು ಇತ್ತು. ಮೂವತ್ತೊಂದು ವರ್ಷ, ವೆಲ್ಡರ್, ಮನೆಯಲ್ಲಿ ಗರ್ಭಿಣಿ ಇದ್ದಾರೆ. ವಾರದೊಳಗೆ ಹೆಂಡತಿಯನ್ನು ಕರೆತರಲು ಹೇಳಲಾಗಿದೆ ಎಂದು ಕೆಳಗೆ ಬರೆದಿದೆ. ಕಾರ್ಡಿನ ಮಾತು ಹೊರಗೆ ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೋಗಲಿ. ವ್ಯಾನು ಬಂದು ಇವತ್ತಿಗೆ ಒಂಬತ್ತು ದಿನ. ಅವನು ನಿನಗೆ ಹೇಳಿಲ್ಲ. ಹೇಳಿದ್ದರೆ ನೀನು ಅತ್ತೆಯ ಸ್ಪೀಕರನ್ನೂ ಲೆಕ್ಕಿಸದೆ ನನಗೆ ಫೋನು ಮಾಡುತ್ತಿದ್ದೆ. ಜಗಳ ಆಮೇಲೆ ಆಡು, ಮೊದಲು ಬಸ್ಸು ಹತ್ತು. ನಿಮ್ಮೂರಿನ ಸೂಜಿ ನಾನಿನ್ನೂ ಚುಚ್ಚಿಲ್ಲ, ಕಚೇರಿಯಲ್ಲಿ ಕೊಟ್ಟ ಕೋಟಿನ ಕಾಲರಿನಲ್ಲೇ ಇದೆ.